ಹಿಂದೆ ನೋಡಲು ಕೈಗನ್ನಡಿ ಹಿಡಿದವಳು

ಕಾರು ಹಿಂದಕ್ಕೆ ತೆಗೆಯೋದು ನಮ್ಮ ಕಡೆ ಒಬ್ಬರ ಕೆಲಸ ಅಲ್ಲ. ಇಳಕಲ್ಲಿನ ಮಗ್ಗದ ಓಣಿ ಇರಲಿ, ಬಾದಾಮಿಯ ಅಗಸ್ತ್ಯತೀರ್ಥದ ಕಡೆಗಿನ ಇಕ್ಕಟ್ಟು ಸಂದಿ ಇರಲಿ, ರಿವರ್ಸ್ ಗೇರ್ ಬಿದ್ದ ಕೂಡಲೇ ಯಾರಾದರೂ ಹಿಂದೆ ಬಂದು ನಿಂತು ಬರ್ರಿ ಬರ್ರಿ ಅಂತ ಡಿಕ್ಕಿ ಬಡೀತಾರೆ. ಸ್ಟೀರಿಂಗ್ ಹಿಡಿದಾಕಿ ಹೆಣ್ಣುಮಗಳಾದರೆ ಒಬ್ಬರಲ್ಲ, ನಾಲ್ಕು ಜನ ಸೇರ್ತಾರೆ. ಬಾಗಲಕೋಟೆ ನವನಗರದ ಅಗಲ ರಸ್ತೆಯಲ್ಲೂ, ಹುನಗುಂದದ ಪ್ಯಾಟ್ಯಾಗೂ ಇದೇ ಕಥೆ. ಇದನ್ನು ಕಂಡಾಗೆಲ್ಲ ನನಗೆ ಡೊರೊಥಿ ಲೆವಿಟ್ ನೆನಪಾಗ್ತಾಳೆ.

ಆಕೆ ಹುಟ್ಟಿದ್ದು 1882ರಲ್ಲಿ, ಲಂಡನ್ನಿನಲ್ಲಿ. ನೇಪಿಯರ್ ಕಾರು ಕಂಪನಿಯಲ್ಲಿ ಸೆಕ್ರೆಟರಿಯಾಗಿದ್ದಳು. ಅಲ್ಲಿನ ಸೆಲ್ವಿನ್ ಎಡ್ಜ್‌ಗೆ ಕಾರುಗಳ ಪ್ರಚಾರ ಬೇಕಿತ್ತು. ಹೆಂಗಸೊಬ್ಬಳು ರೇಸಿಗೆ ಇಳಿದರೆ ಪತ್ರಿಕೆಯವರು ಬರೆಯದೇ ಇರ್ತಾರಾ? ಆ ಲೆಕ್ಕಾಚಾರ ಅವನದು, ಓಡಿಸುವ ತಾಕತ್ತು ಮಾತ್ರ ಅವಳದೇ. 1903ರಲ್ಲಿ ರೇಸಿಗೆ ಇಳಿದಳು. 1905ರಲ್ಲಿ ಮೆಕ್ಯಾನಿಕ್ ನೆರವಿಲ್ಲದೆ ಲಂಡನ್ನಿನಿಂದ ಲಿವರ್‌ಪೂಲ್‌ಗೆ ಹೋಗಿ ಬಂದಳು. 1906ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ಗಂಟೆಗೆ ಸುಮಾರು 146 ಕಿ.ಮೀ. ವೇಗ ಮುಟ್ಟಿದಳು. ಮರುವರ್ಷ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕ್ ಶುರುವಾದಾಗ ಅಲ್ಲಿ ಹೆಂಗಸರಿಗೆ ಅವಕಾಶ ಇಲ್ಲ ಅಂದರು. ಆಕೆ ಸುಮ್ಮನೆ ಕೂರಲಿಲ್ಲ, ಫ್ರಾನ್ಸ್, ಜರ್ಮನಿಗೆ ಹೋಗಿ ಓಡಿಸಿದಳು.

1909ರಲ್ಲಿ ಹೆಂಗಸರಿಗಾಗಿ ಕಾರಿನ ಬಗ್ಗೆ ಒಂದು ಪುಸ್ತಕ ಬರೆದಳು. ಎಂಜಿನ್ ನೋಡಿಕೊಳ್ಳೋದು ಹೇಗೆ, ಕೆಟ್ಟರೆ ಏನು ಮಾಡಬೇಕು, ಒಬ್ಬಳೇ ಹೋಗುವಾಗ ಏನೇನು ಇಟ್ಟುಕೊಳ್ಳಬೇಕು ಎಲ್ಲವೂ ಅದರಲ್ಲಿದೆ. ಸೀಟಿನ ಕೆಳಗಿನ ಡ್ರಾಯರ್‌ನಲ್ಲಿ ಕೈಗವಸು, ಹೇರ್‌ಪಿನ್, ಚಾಕೊಲೇಟಿನ ಜೊತೆ ಒಂದು ಕೈಗನ್ನಡಿಯೂ ಇರಲಿ ಅಂತ ಸಲಹೆ ಕೊಟ್ಟಳು. ಮುಖ ನೋಡಿಕೊಳ್ಳೋಕಷ್ಟೇ ಅಲ್ಲ, ಆಗಾಗ ಎತ್ತಿ ಹಿಡಿದು ಹಿಂದೆ ಏನು ಬರ್ತಿದೆ ಅಂತ ನೋಡೋಕೆ.

ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಕನ್ನಡಿ! ಕೇಳಿದರೆ ನಗು ಬರುತ್ತೆ. ಆದರೆ ಆಗಿನ ಹೆಚ್ಚಿನ ಕಾರುಗಳಲ್ಲಿ ಹಿಂದೆ ನೋಡುವ ಕನ್ನಡಿಯೇ ಇರಲಿಲ್ಲ. ಎರಡು ವರ್ಷದ ನಂತರ, 1911ರಲ್ಲಿ, ಅಮೆರಿಕದ ರೇ ಹ್ಯಾರೂನ್ ಕಾರಿಗೆ ಕನ್ನಡಿ ಜೋಡಿಸಿ ಮೊದಲ ಇಂಡಿಯಾನಾಪೊಲಿಸ್ 500 ರೇಸ್ ಗೆದ್ದ. ಉಳಿದವರ ಪಕ್ಕದಲ್ಲಿ ಹಿಂದೆ ನೋಡಿ ಹೇಳೋಕೆ ಒಬ್ಬ ಮೆಕ್ಯಾನಿಕ್ ಕೂತಿರುತ್ತಿದ್ದ, ಅವನು ಒಬ್ಬನೇ ಇದ್ದ. ಇತಿಹಾಸ ಹೆಚ್ಚಾಗಿ ಅವನ ಹೆಸರು ಹೇಳುತ್ತೆ. ನನಗನ್ನಿಸೋದು, ಇಬ್ಬರ ಕನ್ನಡಿಯೂ ಮಾಡಿದ್ದು ಒಂದೇ ಕೆಲಸ. ಹಿಂದೆ ಏನಿದೆ ಅಂತ ಹೇಳೋಕೆ ಇನ್ನೊಬ್ಬರು ಬೇಕು ಅನ್ನೋದನ್ನೇ ತಪ್ಪಿಸಿತು.

ಕನ್ನಡಿಗೂ ಕಾಣದ ಜಾಗ ಇದೆ, ನಿಜ. ಬಂಪರ್ ಪಕ್ಕ ಕೂತು ಆಡುವ ಮಗು ಅದರಲ್ಲಿ ಕಾಣೋದಿಲ್ಲ. ನಮ್ಮಲ್ಲಿ 2019ರ ಜುಲೈನಿಂದ ತಯಾರಾಗುವ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಮಾಡಿದ್ದು ಅದಕ್ಕೇ. ಓಣಿಯಲ್ಲಿ ಮಕ್ಕಳನ್ನು ಬದಿಗೆ ಕರೆದುಕೊಂಡರೆ ಅದು ನಿಜವಾದ ಸಹಾಯ. ಓಡಿಸುವಾಕಿಗೆ ಏನೂ ತಿಳಿಯೋದಿಲ್ಲ ಅಂದುಕೊಂಡು ನಾಲ್ಕು ಜನ ನಾಲ್ಕು ದಿಕ್ಕಿಗೆ ಕೈ ಬೀಸೋದು ಸಹಾಯ ಅಲ್ಲ.

ಡೊರೊಥಿಯ ಕೊನೆ ದುಃಖದ್ದು. 1922ರ ಮೇ ತಿಂಗಳಲ್ಲಿ ಲಂಡನ್ನಿನ ಮನೆಯಲ್ಲಿ ತೀರಿಕೊಂಡಳು. ಹೃದಯದ ಕಾಯಿಲೆ, ದಡಾರ, ಮೇಲೆ ಮಾರ್ಫಿನ್ ವಿಷವಾಗಿತ್ತು. ಅದು ಆಕಸ್ಮಿಕ ಅಂತ ವಿಚಾರಣೆ ಹೇಳಿತು. ಆಗ ಆಕೆಗೆ ಬರೀ 40 ವರ್ಷ. ಆಕೆ ಕೈಯಲ್ಲಿ ಎತ್ತಿ ಹಿಡಿಯಿರಿ ಅಂದ ಕನ್ನಡಿ ಇವತ್ತು ಎಲ್ಲ ಕಾರಿನಲ್ಲೂ ಇದೆ. ಅದನ್ನು ನೋಡಿ ಓಡಿಸುವ ಹೆಣ್ಣಿನ ಮೇಲೆ ನಂಬಿಕೆ ಇಡೋದಷ್ಟೇ ನಮಗೆ ಬಾಕಿ.