ಅಧ್ಯಾಪಕರನ್ನು ರೂಪಿಸಿದ ಆಚಾರ್ಯ ಟಿಚನರ್

ಕಲಿಯುವುದು ಒಂದು ವಿದ್ಯೆ. ಕಲಿತುದನ್ನು ಮತ್ತೊಬ್ಬರಿಗೆ ಕಲಿಸುವುದು ಬೇರೊಂದು ವಿದ್ಯೆ. ಮೊದಲನೆಯದರಲ್ಲಿ ಪಾರಂಗತನಾದವನಿಗೆ ಎರಡನೆಯದು ತಾನಾಗಿಯೇ ಒಲಿಯುವುದೆಂದು ಭಾವಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಮನಶ್ಶಾಸ್ತ್ರವು ಇನ್ನೂ ಎಳೆಯ ಶಾಸ್ತ್ರವಾಗಿದ್ದಾಗಲೇ ಈ ಭ್ರಮೆಯನ್ನು ತೊರೆದು, ಉನ್ನತ ವ್ಯಾಸಂಗದ ಶಿಷ್ಯರನ್ನು ಕಾಲೇಜಿನ ಅಧ್ಯಾಪನಕ್ಕೆ ಅಣಿಗೊಳಿಸಿದ ಮಹನೀಯರಲ್ಲಿ ಎಡ್ವರ್ಡ್ ಬ್ರ್ಯಾಡ್‌ಫರ್ಡ್ ಟಿಚನರರು ಪ್ರಮುಖರು.

ಟಿಚನರರು 1867ರ ಜನವರಿ 11ರಂದು ಇಂಗ್ಲೆಂಡಿನ ಚಿಚೆಸ್ಟರ್ ಪಟ್ಟಣದಲ್ಲಿ ಜನಿಸಿದರು. ಮನೆತನ ಹಳೆಯದಾದರೂ ಸಿರಿಯಿರಲಿಲ್ಲ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನಿಗೆ ಬುದ್ಧಿಬಲವೇ ಆಸರೆಯಾಯಿತು. ವಿದ್ಯಾರ್ಥಿವೇತನದ ನೆರವಿನಿಂದ ಮಾಲ್ವರ್ನ್ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರವನ್ನೂ ಪ್ರಾಚೀನ ವಾಙ್ಮಯವನ್ನೂ ಅಭ್ಯಸಿಸಿದರು. ಬಳಿಕ ಜರ್ಮನಿಯ ಲೈಪ್‌ಜಿಗ್ ನಗರಕ್ಕೆ ತೆರಳಿ, 1879ರಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯವನ್ನು ಸ್ಥಾಪಿಸಿದ್ದ ವಿಲ್ಹೆಲ್ಮ್ ವುಂಟರ ಶಿಷ್ಯರಾಗಿ 1892ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಇಥಾಕದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯವನ್ನು ಸೇರಿದರು. ಜೀವಿತದ ಕೊನೆಯವರೆಗೂ ಅದೇ ಅವರ ಕರ್ಮಭೂಮಿಯಾಯಿತು.

ಆಗ ಅಮೆರಿಕದ ಕಾಲೇಜುಗಳಲ್ಲಿ ಒಂದೊಂದಾಗಿ ಮನಶ್ಶಾಸ್ತ್ರದ ಪ್ರಯೋಗಾಲಯಗಳು ತಲೆಯೆತ್ತುತ್ತಿದ್ದವು. ಉಪಕರಣಗಳನ್ನು ಹಣ ಕೊಟ್ಟು ತರಬಹುದು. ಅವುಗಳಿಂದ ಪಾಠ ಹೇಳಬಲ್ಲವರನ್ನು ತರುವುದೆಲ್ಲಿಂದ? ಈ ಕೊರತೆಯನ್ನು ನೀಗಲು ಟಿಚನರರು ಪ್ರಯೋಗಾತ್ಮಕ ಮನಶ್ಶಾಸ್ತ್ರದ ಕೈಪಿಡಿಯನ್ನು ನಾಲ್ಕು ಸಂಪುಟಗಳಲ್ಲಿ ರಚಿಸಿದರು. 1901ರಲ್ಲಿ ಎರಡು, 1905ರಲ್ಲಿ ಎರಡು ಹೊರಬಂದವು. ಪ್ರತಿ ಜೋಡಿಯಲ್ಲಿ ಒಂದು ವಿದ್ಯಾರ್ಥಿಗೆ, ಮತ್ತೊಂದು ಅಧ್ಯಾಪಕನಿಗೆ ಮೀಸಲು. ಅಧ್ಯಾಪಕನ ಸಂಪುಟವೇ ವಿದ್ಯಾರ್ಥಿಯ ಸಂಪುಟಕ್ಕಿಂತ ಬಹಳ ದೊಡ್ಡದು. ಕಲಿಸುವವನ ಸಿದ್ಧತೆ ಕಲಿಯುವವನ ಸಿದ್ಧತೆಯನ್ನು ಮೀರಿರಬೇಕೆಂಬ ತತ್ತ್ವವು ಆ ಗಾತ್ರದಲ್ಲಿಯೇ ವ್ಯಕ್ತವಾಗಿದೆ.

ಗ್ರಂಥಕ್ಕಿಂತಲೂ ಮಿಗಿಲಾದುದು ಅವರ ಉಪನ್ಯಾಸದ ದಿನದ ಕ್ರಮ. ಪ್ರಾರಂಭಿಕ ತರಗತಿಯ ಪಾಠವನ್ನು ಅವರು ಕಿರಿಯರ ಪಾಲಿಗೆ ಬಿಟ್ಟುಕೊಡಲಿಲ್ಲ. ಪಾಠಕ್ಕೆ ಮುನ್ನ ಸಹಾಯಕರು ಉಪಕರಣಗಳನ್ನು ಅಣಿಗೊಳಿಸಿದರೆ, ಆಚಾರ್ಯರು ತಾವೇ ಬಂದು ಪರೀಕ್ಷಿಸುವರು. ಅನಂತರ ಆಕ್ಸ್‌ಫರ್ಡಿನ ನಿಲುವಂಗಿಯನ್ನು ಧರಿಸಿ ವೇದಿಕೆಯನ್ನೇರುವರು. ಅಧ್ಯಾಪಕವೃಂದವೂ ಸಹಾಯಕರೂ ಮುಂದಿನ ಸಾಲಿನಲ್ಲಿ ಕುಳಿತು ಆಲಿಸುವರು. ಪಾಠ ಮುಗಿದ ಮೇಲೆ ಎಲ್ಲರೂ ಆಚಾರ್ಯರ ಕೊಠಡಿಯಲ್ಲಿ ಸೇರಿ ಒಂದು ಗಂಟೆಯ ಕಾಲ ಮಾತುಕತೆ ನಡೆಸುವರು. ಹೀಗೆ ಹಿಂದಿನ ಸಾಲಿನ ಬಾಲಕರಿಗೆ ಮನಶ್ಶಾಸ್ತ್ರದ ಪಾಠವಾದರೆ, ಮುಂದಿನ ಸಾಲಿನ ತರುಣರಿಗೆ ಬೋಧನೆಯ ಪಾಠವಾಗುತ್ತಿತ್ತು. ಇಂಜಿನಿಯರಿಂಗ್ ಓದಲು ಬಂದಿದ್ದ ಎಡ್ವಿನ್ ಬೋರಿಂಗ್ ಈ ತರಗತಿಯಲ್ಲಿ ಕುಳಿತವರು. ಮುಂದೆ ಟಿಚನರರ ಶಿಷ್ಯರಾಗಿ, ಹಾರ್ವರ್ಡಿನ ಪ್ರಾಧ್ಯಾಪಕರಾಗಿ, ಮನಶ್ಶಾಸ್ತ್ರದ ಇತಿಹಾಸಕಾರರೆಂದು ಖ್ಯಾತರಾದರು.

ಚಂದ್ರನಲ್ಲಿಯೂ ಕಲೆಯುಂಟು. 1904ರಲ್ಲಿ ತಾವು ಕಟ್ಟಿದ ಪ್ರಯೋಗವಾದಿಗಳ ಕೂಟಕ್ಕೆ ಟಿಚನರರು ಸ್ತ್ರೀಯರನ್ನು ಸೇರಿಸಲಿಲ್ಲ. ಆದರೆ ವಿದ್ಯಾದಾನದಲ್ಲಿ ಆ ಭೇದವನ್ನೆಣಿಸಲಿಲ್ಲ. ಅವರ ಬಳಿ ಡಾಕ್ಟರೇಟ್ ಪಡೆದ ಐವತ್ತಕ್ಕೂ ಹೆಚ್ಚು ಮಂದಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸ್ತ್ರೀಯರೇ. ಅವರಲ್ಲಿ ಮೊದಲಿಗರಾದ ಮಾರ್ಗರೆಟ್ ವಾಶ್‌ಬರ್ನ್ 1894ರಲ್ಲಿ, ಮನಶ್ಶಾಸ್ತ್ರದಲ್ಲಿ ಆ ಪದವಿ ಪಡೆದ ಪ್ರಥಮ ಅಮೆರಿಕನ್ ಮಹಿಳೆಯಾದರು. 1903ರಿಂದ ವಾಸರ್ ಕಾಲೇಜಿನಲ್ಲಿ ಮೂರು ದಶಕಗಳಿಗೂ ಮಿಕ್ಕಿ ಬೋಧಿಸಿದರು. ಗುರುವು ಮುಚ್ಚಿದ್ದ ಕೂಟದ ಬಾಗಿಲು, ಅವರ ಕಾಲಾನಂತರ 1929ರಲ್ಲಿ ಆ ಶಿಷ್ಯೆಗೆ ತೆರೆಯಿತು.

1927ರ ಆಗಸ್ಟ್ 3ರಂದು ಟಿಚನರರು ಅಸ್ತಂಗತರಾದರು. ಅಂತರವಲೋಕನದಿಂದ ಮನಸ್ಸಿನ ಮೂಲಘಟಕಗಳನ್ನು ವಿಂಗಡಿಸುವ ಅವರ ರಚನಾವಾದವು ಅವರೊಡನೆಯೇ ಹಿಂದೆ ಸರಿಯಿತು. ಕಟ್ಟಿದ ಸಿದ್ಧಾಂತ ಸ್ಥಾವರ. ಅದು ಕಾಲಕ್ಕೆ ಶಿಥಿಲವಾಗುವುದು ಸಹಜ. ನಾಡಿನ ಕಾಲೇಜುಗಳಲ್ಲಿ ಪಾಠ ಹೇಳುತ್ತ ನಡೆದ ಶಿಷ್ಯಪರಂಪರೆಯೇ ಜಂಗಮ. ಅದು ಗುರುವಿನ ಮತವನ್ನು ಬಿಟ್ಟರೂ ಗುರುವಿನ ಸಿದ್ಧತೆಯನ್ನು ಬಿಡಲಿಲ್ಲ. ಬೋಧನೆಯನ್ನು ವೃತ್ತಿಯಾಗಿ ಕೈಗೊಳ್ಳುವ ತರುಣರು ಈ ಜೀವನದಿಂದ ಅರಿಯಬೇಕಾದುದು ಇದನ್ನೇ.