ಕಾಳಿನ ಚುಕ್ಕೆ ಹಿಂದೆ ಹೋದವರು: ಬಾರ್ಬರಾ ಮೆಕ್ಲಿಂಟಾಕ್

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಗಂಗಾವತಿ ಅಂದ್ರೆ ತುಂಗಭದ್ರಾ ಕಾಲುವೆ, ಭತ್ತ. ಕುಷ್ಟಗಿ, ಯಲಬುರ್ಗಾ ಅಂದ್ರೆ ಮಳೆ ನಂಬಿದ ಹೊಲ. ಆ ಹೊಲಗಳಲ್ಲಿ ಜೋಳ, ಸಜ್ಜೆ ಜೊತೆಗೆ ಈಗ ಮೆಕ್ಕೆಜೋಳವೂ ಸಾಕಷ್ಟು ಕಾಣುತ್ತೆ. ನಮ್ಮ ಕಡೆ ಮಂದಿ ಅದಕ್ಕೆ ಗೋವಿನಜೋಳ ಅಂತಾರೆ. ರಾಶಿ ಮಾಡಿ ರಸ್ತೆ ಮೇಲೇ ಹರವಿ ಒಣಗಿಸ್ತಾರೆ, ಬೈಕ್ ಓಡಿಸೋರಿಗೆಲ್ಲ ಗೊತ್ತು. ಹೈಬ್ರಿಡ್ ಬೀಜ ಆದ್ದರಿಂದ ಆ ರಾಶಿಯೆಲ್ಲ ಒಂದೇ ಹಳದಿ. ಆದ್ರೆ ಮೆಕ್ಕೆಜೋಳದಲ್ಲಿ ನೇರಳೆ, ಕೆಂಪು, ಬಿಳಿ ಕಾಳಿನ ತಳಿಗಳೂ ಇವೆ. ಬಿಳಿ ಕಾಳಿನ ಮೇಲೆ ಪೆನ್ನಿನ ಇಂಕು ಸಿಡಿಸಿದ ಹಾಗೆ ನೇರಳೆ ಚುಕ್ಕೆ ಇರೋದೂ ಉಂಟು. ಆ ಚುಕ್ಕೆ ಯಾಕೆ ಬಂತು ಅನ್ನೋ ಪ್ರಶ್ನೆ ಹಿಡಿದು ಹೊರಟು, ಜೀವಕೋಶದೊಳಗೆ ಜೀನ್‌ಗಳು ಆನ್-ಆಫ್ ಆಗ್ತವೆ ಅಂತ ಮೊದಲೇ ಕಂಡವರು ಬಾರ್ಬರಾ ಮೆಕ್ಲಿಂಟಾಕ್.

ಪಿಯುಸಿಯಲ್ಲಿ ಬಯಾಲಜಿ ತಗೊಂಡಿದ್ದವರಿಗೆ ಈ ಹೆಸರು 'ಜಂಪಿಂಗ್ ಜೀನ್' ಅನ್ನೋ ಒಂದು ಮಾರ್ಕಿನ ಉತ್ತರವಾಗಿ ನೆನಪಿರಬಹುದು. ಆ ಒಂದು ಮಾರ್ಕು ಅವರಿಗೆ ಅಷ್ಟು ನ್ಯಾಯ ಮಾಡಲ್ಲ ಅನ್ನೋದು ನಮ್ಮ ತಕರಾರು.

ಹುಟ್ಟಿದ್ದು 1902ರ ಜೂನ್ 16, ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ. ತಂದೆ ಡಾಕ್ಟರ್. ಮಗಳನ್ನ ಕಾಲೇಜಿಗೆ ಕಳಿಸಿದ್ರೆ ಮದುವೆ ಆಗೋದು ಕಷ್ಟ ಅಂತ ತಾಯಿಗೆ ಚಿಂತೆ. (ಈ ಮಾತು ನಮ್ಮೂರುಗಳಲ್ಲಿ ಇನ್ನೂ ಹಳೇದಾಗಿಲ್ಲ.) ಮೊದಲ ಮಹಾಯುದ್ಧದಿಂದ ವಾಪಸ್ ಬಂದ ತಂದೆ ಒಪ್ಪಿದ್ರು, 1919ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಸೇರಿದ್ರು. 1927ರಲ್ಲಿ ಪಿಎಚ್‌ಡಿ ಆಯ್ತು. ಮೆಕ್ಕೆಜೋಳದ 10 ಜೊತೆ ಕ್ರೋಮೋಸೋಮ್‌ಗಳನ್ನ ಮೈಕ್ರೋಸ್ಕೋಪಿನಲ್ಲಿ ಇದು ಒಂದನೇದು, ಇದು ಎರಡನೇದು ಅಂತ ಗುರುತು ಹಿಡಿದು ತೋರಿಸಿದ್ದು ಅವರೇ. 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಜೊತೆ ಸೇರಿ, ಜೀನ್‌ಗಳು ಅದಲುಬದಲಾದಾಗ ಕ್ರೋಮೋಸೋಮಿನ ತುಂಡುಗಳೂ ನಿಜವಾಗಿ ಅದಲುಬದಲಾಗ್ತವೆ ಅಂತ ಸಾಬೀತು ಮಾಡಿದ್ರು. ಆಗ ವಯಸ್ಸು 29. ಇಷ್ಟಾದ್ರೂ ಪರ್ಮನೆಂಟ್ ಕೆಲಸ ಸಿಗಲಿಲ್ಲ. ಫೆಲೋಶಿಪ್ ಮೇಲೆ ಫೆಲೋಶಿಪ್, ಊರಿಂದ ಊರು.

1936ರಿಂದ ಮಿಸೌರಿ ವಿಶ್ವವಿದ್ಯಾಲಯ. ಎಕ್ಸ್‌ರೇ ಬಿಟ್ಟು ಕ್ರೋಮೋಸೋಮ್ ಮುರಿದ್ರೆ ಏನಾಗುತ್ತೆ ಅಂತ ಅಲ್ಲಿ ನೋಡ್ತಾ ಇದ್ರು. ಮುರಿದ ಕ್ರೋಮೋಸೋಮ್ ತನ್ನ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತೆ, ಎರಡರ ಮುರಿದ ತುದಿಗಳೂ ಒಂದಕ್ಕೊಂದು ಅಂಟಿಕೊಳ್ತವೆ. ಕೋಶ ಎರಡಾಗುವಾಗ ಆ ಕಡೆಯಿಂದ ಎಳೆತ, ಈ ಕಡೆಯಿಂದ ಎಳೆತ. ಹಗ್ಗಜಗ್ಗಾಟದಲ್ಲಿ ಹಗ್ಗ ಹರಿದ ಹಾಗೆ ಮತ್ತೆ ಎಲ್ಲೋ ಒಂದು ಕಡೆ ಮುರಿಯುತ್ತೆ. ಮತ್ತೆ ಅಂಟು, ಮತ್ತೆ ಎಳೆತ, ಮತ್ತೆ ಮುರಿತ. ಲೂಪಿನಿಂದ ಹೊರಗೆ ಬರೋ ಕಂಡೀಷನ್ನೇ ಇಲ್ಲದ ಕೋಡ್ ಇದ್ದ ಹಾಗೆ.

ಅವರಿಗೆ ಕಂಡ ವಿಚಿತ್ರ ಮುಂದೆ ಇದೆ. ಕಾಳಿನ ಹಿಟ್ಟಿನ ಭಾಗದಲ್ಲಿ ಈ ಲೂಪ್ ಓಡ್ತಾನೇ ಇತ್ತು. ಅದೇ ಕಾಳಿನ ಭ್ರೂಣದಲ್ಲಿ, ಅಂದ್ರೆ ಮುಂದೆ ಗಿಡ ಆಗೋ ಭಾಗದಲ್ಲಿ, ಮುರಿದ ತುದಿ ವಾಸಿಯಾಗ್ತಿತ್ತು. ಅದೇ ಗಾಯ, ಆದ್ರೆ ಒಂದು ಕಡೆ ರಿಪೇರಿ, ಇನ್ನೊಂದು ಕಡೆ ಇಲ್ಲ. ಹಾಗಾದ್ರೆ ಕೋಶಕ್ಕೆ ತನಗೆ ಪೆಟ್ಟು ಬಿದ್ದಿದೆ ಅನ್ನೋದು ಹೇಗೋ ಗೊತ್ತಾಗ್ತಿದೆ, ತನ್ನ ಸ್ಥಿತಿ ನೋಡಿ ಅದು ಪ್ರತಿಕ್ರಿಯೆ ಕೊಡ್ತಿದೆ. ಈ ಯೋಚನೆ ಅವರನ್ನ ಕೊನೇ ತನಕ ಬಿಡಲಿಲ್ಲ.

ಹಗ್ಗದ ತುದಿ ಬಿಚ್ಚಿಕೊಳ್ಳಬಾರದು ಅಂತ ನಾವು ಗಂಟು ಹಾಕ್ತೀವಲ್ಲ, ಕ್ರೋಮೋಸೋಮಿನ ತುದಿಗೂ ಅಂಥದ್ದೊಂದು ಗಂಟಿದೆ. ಅದಕ್ಕೆ ಟೆಲೋಮಿಯರ್ ಅಂತ 1938ರಲ್ಲಿ ಹೆಸರಿಟ್ಟವರು ಹರ್ಮನ್ ಮುಲ್ಲರ್. ನಮ್ಮ ದೇಹದ ಹೆಚ್ಚಿನ ಕೋಶಗಳಲ್ಲಿ ಪ್ರತಿ ಸಲ ಕೋಶ ಒಡೆದಾಗ ಈ ಗಂಟು ಸ್ವಲ್ಪ ಸ್ವಲ್ಪ ಸವೆಯುತ್ತೆ. ತೀರಾ ಚಿಕ್ಕದಾದ ಮೇಲೆ ಕೋಶ ಒಡೆಯೋದನ್ನೇ ನಿಲ್ಲಿಸುತ್ತೆ. ಮುಪ್ಪಿನ ಸಂಶೋಧನೆಯಲ್ಲಿ ಇದು ದೊಡ್ಡ ವಿಷಯ. ಈ ತುದಿಯ ಗುಟ್ಟು ಬಿಡಿಸಿದ್ದಕ್ಕೆ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜ್ಯಾಕ್ ಶೋಸ್ಟಾಕ್ ಮೂವರಿಗೆ 2009ರಲ್ಲಿ ನೊಬೆಲ್ ಬಂತು. ಬ್ಲ್ಯಾಕ್‌ಬರ್ನ್ ತಮ್ಮ ಕೆಲಸದ ಶುರುವಿನ ದಿನಗಳಲ್ಲಿ ವಯಸ್ಸಾದ ಮೆಕ್ಲಿಂಟಾಕ್ ಅವರನ್ನ ಭೇಟಿಯಾಗಿ ಮಾತಾಡಿದ್ದರು.

ಮಿಸೌರಿಯಲ್ಲಿ ತಮಗೆ ಭವಿಷ್ಯ ಇಲ್ಲ ಅನ್ನಿಸಿ 1941ರಲ್ಲಿ ಅಲ್ಲಿಂದ ಹೊರಟರು. ನ್ಯೂಯಾರ್ಕ್ ಹತ್ತಿರದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ನೆಲೆ ಸಿಕ್ಕಿತು, ಮುಂದೆ 50 ವರ್ಷ ಅಲ್ಲೇ. ಬಿಸಿಲಲ್ಲಿ ತಾವೇ ಹೊಲಕ್ಕಿಳಿದು ತೆನೆಗೆ ಚೀಲ ಕಟ್ಟಿ ಪರಾಗಸ್ಪರ್ಶ ಮಾಡ್ತಾ ಇದ್ರು.

1944ರಲ್ಲಿ ಒಂಬತ್ತನೇ ಕ್ರೋಮೋಸೋಮ್ ಮುರಿದಿದ್ದ ಗಿಡಗಳಿಗೆ ಅವುಗಳದ್ದೇ ಪರಾಗ ಹಾಕಿ ಬೀಜ ಮಾಡಿದ್ರು. ಆ ಬೀಜದಿಂದ ಬಂದ ಸಸಿಗಳ ಎಲೆ ಮೇಲೆ ಪಟ್ಟಿ, ಮಚ್ಚೆ. ಕೆಲವು ಎಲೆಗಳಲ್ಲಿ ಅಕ್ಕಪಕ್ಕ ಜೋಡಿ ಮಚ್ಚೆ: ಒಂದರಲ್ಲಿ ಗೆರೆಗಳು ಹೆಚ್ಚು, ಪಕ್ಕದ್ದರಲ್ಲಿ ಕಡಿಮೆ. ಎರಡೂ ಒಂದೇ ತಾಯಿಕೋಶದ ಮಕ್ಕಳು. ಕೋಶ ಒಡೆಯುವಾಗ ಒಂದು ಕಳೆದುಕೊಂಡಿದ್ದನ್ನ ಇನ್ನೊಂದು ಪಡೆದಿದೆ ಅಂತ ಅವರು ಲೆಕ್ಕ ಹಾಕಿದ್ರು. ಏನನ್ನ ಪಡೆದಿದೆ? ಅದಕ್ಕೆ ಉತ್ತರ ಹುಡುಕೋಕೆ ಇನ್ನೂ ಕೆಲವು ವರ್ಷ ಬೇಕಾಯ್ತು.

ಉತ್ತರದಲ್ಲಿ ಎರಡು ಪಾತ್ರ, ಡಿಎಸ್ ಮತ್ತು ಎಸಿ. ಡಿಎಸ್ ಅನ್ನೋ ತುಂಡು ಬಣ್ಣದ ಜೀನ್ ಒಳಗೆ ಹೋಗಿ ಕೂತ್ರೆ ಜೀನ್ ಆಫ್, ಕಾಳು ಬಿಳಿ. ಎಸಿ ಜೊತೆಗಿದ್ರೆ ಡಿಎಸ್ ಎದ್ದು ಬೇರೆ ಕಡೆ ಹೋಗಬಹುದು. ಹೋದ್ರೆ ಆ ಕೋಶದಲ್ಲಿ ಜೀನ್ ಮತ್ತೆ ಆನ್, ಅದರಿಂದ ಹುಟ್ಟಿದ ಕೋಶಗಳೆಲ್ಲ ನೇರಳೆ. ಅದೇ ಚುಕ್ಕೆ! ಕಾಳು ಬೆಳೆಯೋ ಶುರುವಿನಲ್ಲೇ ಎದ್ದು ಹೋದ್ರೆ ದೊಡ್ಡ ಚುಕ್ಕೆ, ತಡವಾಗಿ ಹೋದ್ರೆ ಸಣ್ಣದು. ಎಸಿ ಪ್ರತಿಗಳು ಹೆಚ್ಚಿದ್ದಷ್ಟೂ ತಡ ಹೆಚ್ಚು. ಡಿಎನ್‌ಎ ರಚನೆ ಗೊತ್ತಾಗಿದ್ದು 1953ರಲ್ಲಿ. ಅದಕ್ಕೂ ಮೊದಲು, ಬರೀ ಕಾಳು, ಎಲೆ, ಮೈಕ್ರೋಸ್ಕೋಪ್ ಇಟ್ಟುಕೊಂಡು ಒಬ್ಬರು ಟೈಮರ್ ಸಮೇತ ಒಂದು ಸ್ವಿಚ್ ಕಂಡುಹಿಡಿದಿದ್ರು.

1951ರಲ್ಲಿ ವಿಜ್ಞಾನಿಗಳ ದೊಡ್ಡ ಸಭೆಯಲ್ಲಿ ಇದನ್ನ ಹೇಳಿದಾಗ ಹೆಚ್ಚಿನವರು ಸುಮ್ಮನೆ ಕೂತ್ರು. ಅವರನ್ನ ಯಾರೂ ನಂಬಲೇ ಇಲ್ಲ, ಹುಚ್ಚಿ ಅಂದ್ರು ಅನ್ನೋ ಸಿನಿಮಾ ಥರದ ಕಥೆ ಎಲ್ಲ ಕಡೆ ಓಡಾಡುತ್ತೆ. ನಿಜ ಅಷ್ಟು ಸರಳ ಇಲ್ಲ. ಅವರು ಆಗಲೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯೆ, 1945ರಲ್ಲಿ ಜೆನೆಟಿಕ್ಸ್ ಸೊಸೈಟಿಯ ಮೊದಲ ಮಹಿಳಾ ಅಧ್ಯಕ್ಷೆ. ಮೆಕ್ಕೆಜೋಳದಲ್ಲಿ ತುಂಡುಗಳು ಜಾಗ ಬದಲಿಸ್ತವೆ ಅನ್ನೋದನ್ನ ಆ ಬೆಳೆ ಗೊತ್ತಿದ್ದವರು ಒಪ್ಪಿದ್ರು. ಒಪ್ಪೋಕೆ ಕಷ್ಟ ಆಗಿದ್ದು ಅವರ ದೊಡ್ಡ ಮಾತು: ಇದು ಜೀನ್‌ಗಳ ಕಂಟ್ರೋಲ್ ವ್ಯವಸ್ಥೆ, ಒಂದು ಕೋಶ ಎಲೆ ಆಗಬೇಕೋ ಬೇರು ಆಗಬೇಕೋ ಅನ್ನೋದೂ ಹೀಗೇ ನಡೆಯುತ್ತೆ ಅನ್ನೋದು. ಅದಕ್ಕೇ ಅವರು ಇವನ್ನ ಜಂಪಿಂಗ್ ಜೀನ್ ಅಂತ ಕರೆಯದೆ ನಿಯಂತ್ರಕಗಳು ಅಂತ ಕರೆದ್ರು. 1953ರ ನಂತರ ಜರ್ನಲ್‌ಗಳಿಗೆ ಬರೆಯೋದು ಬಹಳ ಕಡಿಮೆ ಆಯ್ತು. ಕೆಲಸ ಮಾತ್ರ ನಿಲ್ಲಲಿಲ್ಲ.

1961ರ ಹೊತ್ತಿಗೆ ಜಾಕೋಬ್ ಮತ್ತು ಮೊನೊ ಬ್ಯಾಕ್ಟೀರಿಯಾದಲ್ಲಿ ಜೀನ್ ಸ್ವಿಚ್ ತೋರಿಸಿದ್ರು. ಅದೇ ವರ್ಷ ಮೆಕ್ಲಿಂಟಾಕ್ ಎರಡರ ಹೋಲಿಕೆ ಬರೆದ್ರು. 60ರ ದಶಕದ ಕೊನೆಯಲ್ಲಿ ಬ್ಯಾಕ್ಟೀರಿಯಾದಲ್ಲೇ ಜಾಗ ಬದಲಿಸೋ ತುಂಡುಗಳು ಸಿಕ್ಕವು. ಆಮೇಲೆ ಹುಡುಕಿದಲ್ಲೆಲ್ಲ ಅವೇ. ಮೆಕ್ಕೆಜೋಳದ ಡಿಎನ್‌ಎಯಲ್ಲಿ ಶೇ. 80ಕ್ಕಿಂತ ಹೆಚ್ಚು, ನಮ್ಮದರಲ್ಲಿ ಸುಮಾರು ಅರ್ಧ ಇಂಥ ತುಂಡುಗಳೇ ಅಥವಾ ಅವುಗಳ ಅವಶೇಷ. ಆದ್ರೆ ಬೆಳವಣಿಗೆಯೆಲ್ಲ ಇವುಗಳ ಓಡಾಟದಿಂದಲೇ ನಡೆಯುತ್ತೆ ಅನ್ನೋ ಅವರ ಊಹೆ ಮಾತ್ರ ನಿಲ್ಲಲಿಲ್ಲ. ಕಂಟ್ರೋಲ್ ಇದೆ ಅಂದಿದ್ದು ಸರಿ, ಅದರ ಮೆಕ್ಯಾನಿಸಂ ಹೆಚ್ಚಾಗಿ ಬೇರೆ. ಅವರ ಬಗ್ಗೆ ಬರೆಯೋರು ಇದನ್ನ ಮುಚ್ಚಿಡಬೇಕಾಗಿಲ್ಲ.

1983ರಲ್ಲಿ ನೊಬೆಲ್ ಬಂದಾಗ ವಯಸ್ಸು 81. ಮನೇಲಿ ಫೋನ್ ಇರಲಿಲ್ಲ, ಸುದ್ದಿ ಕೇಳಿದ್ದು ರೇಡಿಯೋದಲ್ಲಿ. ವೈದ್ಯಕೀಯ ವಿಭಾಗದ ಆ ಬಹುಮಾನ ಯಾರ ಜೊತೆಗೂ ಹಂಚಿಕೊಳ್ಳದೆ ಪಡೆದ ಮೊದಲ ಮಹಿಳೆ ಅವರು. ನೊಬೆಲ್ ಉಪನ್ಯಾಸದಲ್ಲಿ ಚುಕ್ಕೆಗಳಿಗಿಂತ ಅವರು ಎತ್ತಿ ಹಿಡಿದಿದ್ದು ಸ್ಟ್ರೆಸ್ ವಿಷಯ. ಬಿಸಿ ತಾಗಿದಾಗ ಕೋಶ ಕೊಡೋ ಪ್ರತಿಕ್ರಿಯೆ ಮೊದಲೇ ಪ್ರೋಗ್ರಾಂ ಆಗಿದ್ದು. ಎಂದೂ ಕಾಣದ ಪೆಟ್ಟು ಬಿದ್ದಾಗ ಮಾತ್ರ ಜೀನೋಮ್ ತನ್ನನ್ನೇ ತಾನು ಹೊಸದಾಗಿ ಜೋಡಿಸಿಕೊಳ್ಳಬಹುದು. ಮಳೆ ಕೈಕೊಟ್ಟ ವರ್ಷ ಕುಷ್ಟಗಿ ಕಡೆ ಹೊಲದಲ್ಲಿ ಸುರುಳಿ ಸುತ್ತಿದ ಮೆಕ್ಕೆಜೋಳದ ಎಲೆ ನೋಡಿದವರಿಗೆ, ಗಿಡದ ಸ್ಟ್ರೆಸ್ ಅಂದ್ರೆ ಏನು ಅಂತ ಬೇರೆ ಹೇಳಬೇಕಿಲ್ಲ. ಎಲೆ ಹೊರಗೆ ಸುರುಳಿ ಸುತ್ತುವಾಗ ಒಳಗೆ ನೂರಾರು ಜೀನ್‌ಗಳು ಆನ್-ಆಫ್ ಆಗ್ತಿರ್ತವೆ.

1992ರ ಸೆಪ್ಟೆಂಬರ್ 2ರಂದು, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಎಸಿ ಮತ್ತು ಡಿಎಸ್‌ಗಳನ್ನ ಸಂಶೋಧಕರು ಭತ್ತದೊಳಕ್ಕೂ ಸೇರಿಸಿದ್ದಾರೆ. ಅವು ಹೋಗಿ ಕೂತ ಜಾಗದ ಜೀನ್ ಕೆಡುತ್ತೆ, ಗಿಡದಲ್ಲಿ ಏನು ಬದಲಾಯ್ತು ನೋಡಿದ್ರೆ ಆ ಜೀನ್ ಕೆಲಸ ಏನಿತ್ತು ಅಂತ ಗೊತ್ತಾಗುತ್ತೆ. ಯಲಬುರ್ಗಾದ ಬೆಳೆಯಲ್ಲಿ ಸಿಕ್ಕಿದ ಸ್ವಿಚ್, ಈಗ ಗಂಗಾವತಿಯ ಬೆಳೆಯನ್ನ ಓದೋಕೆ ಬಳಕೆಯಾಗ್ತಿದೆ.