39 ಅಂಕಿಗಳ ಸಂಖ್ಯೆಯನ್ನು ಗೆದ್ದ ಲೂಕಾ

ಗಣಕಯಂತ್ರಗಳಿಲ್ಲದ ಕಾಲದಲ್ಲಿ 39 ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೆಂದು ಸಾಧಿಸಿ ತೋರಿಸಿದವನು ಫ್ರಾನ್ಸಿನ ಗಣಿತಜ್ಞ ಎಡ್ವಾರ್ ಲೂಕಾ. 170,141,183,460,469,231,731,687,303,715,884,105,727 ಎಂಬುದೇ ಆ ಸಂಖ್ಯೆ. 1 ಮತ್ತು ಅದೇ ಸಂಖ್ಯೆಯ ಹೊರತು ಬೇರಾವುದೂ ಅದನ್ನು ನಿಶ್ಶೇಷವಾಗಿ ಭಾಗಿಸದು. ಯಂತ್ರದ ನೆರವಿಲ್ಲದೆ ದೊರೆತ ಅವಿಭಾಜ್ಯಗಳಲ್ಲಿ ಇದೇ ಇಂದಿಗೂ ಅತಿ ದೊಡ್ಡದು.

ಲೂಕಾ ಜನಿಸಿದ್ದು 1842ರ ಏಪ್ರಿಲ್ 4ರಂದು, ಉತ್ತರ ಫ್ರಾನ್ಸಿನ ಅಮಿಯಾಂ ನಗರದಲ್ಲಿ. ಪ್ಯಾರಿಸ್ ವೀಕ್ಷಣಾಲಯದಲ್ಲಿ ಕೆಲಸ ಮಾಡಿದ ಆತ 1870–71ರ ಪ್ರಷ್ಯಾ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದ. ನಂತರ ಪ್ರೌಢಶಾಲೆಗಳಲ್ಲಿ ಗಣಿತ ಬೋಧಿಸುತ್ತ ಬಾಳಿದ.

127 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ ಬರುವುದೇ ಈ ಸಂಖ್ಯೆ. ಇದು ಅವಿಭಾಜ್ಯವೆಂದು ಮರ್ಸೆನ್ ಎಂಬ ಪಾದ್ರಿ 1644ರಲ್ಲೇ ಹೇಳಿದ್ದ, ಆಧಾರ ಕೊಟ್ಟಿರಲಿಲ್ಲ. ಚಿಕ್ಕ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡಲು ಹೊರಟರೆ 20 ಅಂಕಿಗಳವರೆಗೆ ಸಾಗಬೇಕು. ಅದಕ್ಕೆ ಒಂದು ಜನ್ಮ ಸಾಲದು.

ಲೂಕಾ ಹಿಡಿದದ್ದು ಬೇರೆಯೇ ದಾರಿ. 3ರಿಂದ ಆರಂಭಿಸಿ, ಪ್ರತಿ ಬಾರಿ ವರ್ಗ ಮಾಡಿ 2 ಕಳೆಯಬೇಕು. ಫಲ ಪರೀಕ್ಷಿಸುವ ಸಂಖ್ಯೆಯನ್ನು ಮೀರಿದರೆ ಅದರಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಬೇಕು. 7 ಎರಡುಗಳಿಂದ ಬರುವ 127ಕ್ಕೆ ಇದನ್ನು ಅನ್ವಯಿಸಿದರೆ 3, 7, 47, 48, 16, 0 ದೊರೆಯುತ್ತದೆ. ಐದನೇ ಹೆಜ್ಜೆಗೆ ಸೊನ್ನೆ ಬಂದುದರಿಂದ 127 ಅವಿಭಾಜ್ಯ. 39 ಅಂಕಿಗಳ ಸಂಖ್ಯೆಗೆ 125 ಹೆಜ್ಜೆಗಳು ಸಾಕು. 1876ರಲ್ಲಿ ಲೂಕಾ ಫಲಿತಾಂಶ ಪ್ರಕಟಿಸಿದ. 1914ರಲ್ಲಿ ಫೋಕಾಂಬೆರ್ಗ್ ಅದನ್ನು ದೃಢಪಡಿಸಿದ.

ಮರ್ಸೆನ್ ಪಟ್ಟಿಯಲ್ಲಿದ್ದ, 67 ಎರಡುಗಳ ಸಂಖ್ಯೆ ಅವಿಭಾಜ್ಯವಲ್ಲವೆಂದೂ ಲೂಕಾ ಅದೇ ವರ್ಷ ತೋರಿಸಿದ. ಆದರೆ ಅದರ ಅಪವರ್ತನಗಳು ಅವನಿಗೂ ತಿಳಿದಿರಲಿಲ್ಲ. 193707721 ಮತ್ತು 761838257287 ಎಂಬ ಅವುಗಳನ್ನು 1903ರಲ್ಲಿ ಅಮೆರಿಕದ ಫ್ರಾಂಕ್ ಕೋಲ್ ಬಹಿರಂಗಪಡಿಸಿದ.

ಜನಸಾಮಾನ್ಯರಿಗೆ ಲೂಕಾ ಪರಿಚಿತನಾದದ್ದು 1883ರಲ್ಲಿ ಹೊರತಂದ ಹನೋಯ್ ಗೋಪುರ ಆಟಿಕೆಯಿಂದ. ಕಾಶಿಯ ದೇಗುಲದಲ್ಲಿ ಅರ್ಚಕರು 64 ಚಿನ್ನದ ಬಿಲ್ಲೆಗಳನ್ನು ಸ್ಥಳಾಂತರಿಸುತ್ತಿದ್ದಾರೆ, ಕೆಲಸ ಮುಗಿದಂದು ಜಗತ್ತೂ ಮುಗಿಯುತ್ತದೆ ಎಂಬ ಕಟ್ಟುಕಥೆ ಅದರೊಡನೆ ಹಬ್ಬಿತು. ಬೇಕಾದ ಚಲನೆಗಳು 18,446,744,073,709,551,615. ಸೆಕೆಂಡಿಗೊಂದರಂತೆ ನಡೆಸಿದರೂ 58 ಸಾವಿರ ಕೋಟಿ ವರ್ಷಕ್ಕೂ ಹೆಚ್ಚು ಬೇಕು. 64 ಎರಡುಗಳಿಂದ ಬಂದ ಈ ಸಂಖ್ಯೆ ಅವಿಭಾಜ್ಯವಲ್ಲ. ಕೊನೆಯ 5 ಅದನ್ನು ಸಾರುತ್ತದೆ.

1891ರಲ್ಲಿ ಔತಣಕೂಟವೊಂದರಲ್ಲಿ ಪರಿಚಾರಕನ ಕೈಜಾರಿ ಒಡೆದ ತಟ್ಟೆಯ ಚೂರು ಲೂಕಾನ ಕೆನ್ನೆಗೆ ತಗುಲಿತು. ಗಾಯಕ್ಕೆ ಸೋಂಕು ಹರಡಿ, ಅಕ್ಟೋಬರ್ 3ರಂದು ಪ್ಯಾರಿಸ್ಸಿನಲ್ಲಿ ನಿಧನನಾದ. ಆಗ ವಯಸ್ಸು 49.

ಆತನ ಸಂಖ್ಯೆ 75 ವರ್ಷ, 1951ರವರೆಗೆ, ತಿಳಿದ ಅತಿ ದೊಡ್ಡ ಅವಿಭಾಜ್ಯವಾಗಿತ್ತು. ಆ ವರ್ಷ ಕೇಂಬ್ರಿಜ್‌ನ ಎಡ್‌ಸ್ಯಾಕ್ ಗಣಕಯಂತ್ರ ಕಂಡುಹಿಡಿದ 79 ಅಂಕಿಗಳ ಅವಿಭಾಜ್ಯಕ್ಕೂ ಅದೇ ಅಡಿಪಾಯ: ಅದರ ವರ್ಗವನ್ನು 180ರಿಂದ ಗುಣಿಸಿ 1 ಕೂಡಿಸಲಾಗಿತ್ತು. ಲೂಕಾನ ವಿಧಾನವನ್ನು 1930ರಲ್ಲಿ ಲೆಹ್ಮರ್ ಸರಳಗೊಳಿಸಿದ. 2024ರಲ್ಲಿ ದೊರೆತ, 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳ ಅವಿಭಾಜ್ಯವನ್ನು ಖಚಿತಪಡಿಸಲು ಬಳಸಿದ್ದೂ ಆ ಪರೀಕ್ಷೆಯನ್ನೇ.